ಅಜೀವಜನನ, ಮೂರನೇ ಮಹಡಿ, ಎಡಗಡೆ ಮನೆ

ನಾನು ಗರ್ಭಿಣಿಯಾದದ್ದು ಒಂದು ದೀರ್ಘಾಕ್ಷರದಿಂದ. ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ. ವ್ಯಾಕರಣದ ಮೇಷ್ಟ್ರುಗಳು ಒಪ್ಪುತ್ತಾರೆ. ನಡುವೆ ಸಿಕ್ಕಿಕೊಂಡವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮವರು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವರು. ಬಲ್ಬು, ಹೋಲ್ಡರು, ಸ್ವಿಚ್ಚು, ವಯರು. ಕುಡಿತವಿಲ್ಲ, ಜೂಜಿಲ್ಲ, ದನಿ ಎತ್ತಿ ಮಾತಾಡಿದವರಲ್ಲ. ಇರುವುದು ಒಂದೇ ಚಟ, ದೊಡ್ಡ ಪದ. ಹೊಸ ಚಪ್ಪಲಿ ಸಿಕ್ಕ ಮಗು ಮಲಗುವಾಗಲೂ ಅದನ್ನು ಬಿಚ್ಚದ ಹಾಗೆ, ಒಂದು ದೊಡ್ಡ ಪದ ಸಿಕ್ಕರೆ ಇವರು ತಿಂಗಳುಗಟ್ಟಲೆ ಅದನ್ನು ಹಾಕಿಕೊಂಡೇ ಓಡಾಡುತ್ತಾರೆ. ಹೋದ ವರ್ಷ ಗುರುತ್ವಾಕರ್ಷಣೆ ಸಿಕ್ಕಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಒಡೆದ ಒಂದು ಲೋಟಕ್ಕೂ ಅವರ ಕೈ ಕಾರಣವಾಗಿರಲಿಲ್ಲ.

ಈ ವರ್ಷದ ಪದವನ್ನು ತಂದುಕೊಟ್ಟವಳು ಹತ್ತನೇ ಕ್ಲಾಸಿನ ನಮ್ಮ ಮಗಳು. ಅವಳು ಗಟ್ಟಿಯಾಗಿ ಓದುವ ಪೈಕಿ. ನಾನು ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದೆ, ಇವರು ಊಟಕ್ಕೆ ಕೂತಿದ್ದರು.

"ಜೀವವಿಲ್ಲದ ವಸ್ತುಗಳಿಂದ ಮೊದಲ ಜೀವವು ಉಂಟಾದ ಪ್ರಕ್ರಿಯೆಗೆ ಅಜೀವಜನನ ಎನ್ನುವರು" ಎಂದು ಮಗಳು ಓದಿದಳು.

ಇವರು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದರು. "ಇನ್ನೊಂದ್ಸಲ ಓದು" ಎಂದರು.

ಅವಳು ಓದಿದಳು. ಇವರು ಕಣ್ಣು ಮುಚ್ಚಿ ಕೇಳಿದರು. ನನಗೆ ಆಗಲೇ ಹೊಟ್ಟೆಯಲ್ಲಿ ಒಂದು ಥರ ಆಯಿತು. ಅದು ಪದದ ಭಯ, ಬೇರೇನೂ ಅಲ್ಲವೆಂದು ಈಗಲೇ ಹೇಳಿಬಿಡುತ್ತೇನೆ.

ಮರುದಿನದಿಂದ ಮಂಚದ ಕೆಳಗಿನ ಧೂಳು ಅಜೀವಜನನ. ಸಕ್ಕರೆ ಡಬ್ಬಿಯ ಇರುವೆ ಅಜೀವಜನನ. ಇವರ ಕಾಲುಚೀಲದಿಂದ ಹೊರಬರುವ ವಾಸನೆಯೂ ಅದೇ. ಜಿರಳೆಯೊಂದು ಗೋಡೆ ಹತ್ತುವುದನ್ನು ನೋಡುತ್ತ, "ನೋಡು, ನಿನ್ನೆ ಇಲ್ಲಿ ಬರೀ ಕಸ ಇತ್ತು. ಇವತ್ತು ಜೀವ" ಎಂದರು.

"ಅಪ್ಪಾ, ಜಿರಳೆಗೆ ಜಿರಳೇನೇ ಅಮ್ಮ" ಎಂದಳು ಮಗಳು. "ಅಜೀವಜನನ ಆಗಿದ್ದು ನೂರಾರು ಕೋಟಿ ವರ್ಷದ ಹಿಂದೆ, ಮೊಟ್ಟಮೊದಲ ಜೀವಕ್ಕೆ. ಕಸದಿಂದ ಹುಳ ಹುಟ್ಟುತ್ತೆ ಅಂತ ಹಿಂದಿನ ಕಾಲದವರು ಅಂದ್ಕೊಂಡಿದ್ರು. ಅದು ತಪ್ಪು ಅಂತ ಮುಂದಿನ ಪೇಜಲ್ಲೇ ಇದೆ."

"ಮುಂದಿನ ಪೇಜು ಆಮೇಲೆ ಓದುವಂತೆ. ಇವತ್ತಿಗೆ ಇಷ್ಟು ಸಾಕು, ಕಣ್ಣಿಗೆ ಆಯಾಸ" ಎಂದರು ಇವರು.

ಎಲ್ಲ ಅನರ್ಥವೂ ಆ ಓದದೇ ಬಿಟ್ಟ ಪುಟದಲ್ಲಿತ್ತು.

ನಮ್ಮದು ಮೂರು ಮಹಡಿಯ ಬಾಡಿಗೆ ಕಟ್ಟಡ. ಮೇಲೆ ತಾರಸಿ, ತಾರಸಿಯಲ್ಲಿ ಎಲ್ಲರಿಗೂ ಒಂದೇ ನೀರಿನ ಟ್ಯಾಂಕು. ಟ್ಯಾಂಕಿನ ಉಸ್ತುವಾರಿಯನ್ನು ಇವರು ತಾವಾಗಿಯೇ ಹೊತ್ತುಕೊಂಡಿದ್ದರು. ಯಾರೂ ಹೊರಿಸಿರಲಿಲ್ಲ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ನೋಡದವರು ಊರಿನ ಟ್ಯಾಂಕು ನೋಡಿಕೊಳ್ಳುತ್ತಾರೆ. ಗಂಡಸರ ಈ ಪ್ರಕ್ರಿಯೆಗೆ ವಿಜ್ಞಾನದಲ್ಲಿ ಏನು ಹೆಸರೋ ತಿಳಿಯದು.

ಒಂದು ಬೆಳಗ್ಗೆ ಮೊದಲ ಮಹಡಿಯ ಮನೆ ಮಾಲೀಕರು ಗಾಜಿನ ಲೋಟದಲ್ಲಿ ನೀರು ಹಿಡಿದುಕೊಂಡು ತಾರಸಿಗೇ ಬಂದರು. ಯಾವುದೋ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಾನು ಬಟ್ಟೆ ಹರವುತ್ತಿದ್ದೆ. ಇವರು ಟ್ಯಾಂಕಿನ ಪಕ್ಕ ನಿಂತು ಹಲ್ಲುಜ್ಜುತ್ತಿದ್ದರು.

"ಏನ್ರೀ ಇದು? ಒದ್ದಾಡ್ತಾ ಇದೆ" ಎಂದು ಮಾಲೀಕರು ಲೋಟವನ್ನು ಬಿಸಿಲಿಗೆ ಹಿಡಿದರು. ದಾರದ ತುಂಡಿನಂಥ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು.

ಬೇರೆ ಯಾರೇ ಆಗಿದ್ದರೂ ತಪ್ಪಾಯಿತು ಅನ್ನುತ್ತಿದ್ದರು. ಇವರು ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡರು. "ಸಾರ್, ಇದನ್ನ ಹುಳ ಅಂತ ಸಾಮಾನ್ಯರು ಅಂತಾರೆ. ಇದು ಅಜೀವಜನನ. ನೀರಿಗೆ ಜೀವ ಇಲ್ಲ ಅಲ್ವಾ, ಅದರಿಂದ ತಾನಾಗೇ ಜೀವ ಬಂದಿದೆ. ಯಾರ ತಪ್ಪೂ ಅಲ್ಲ."

ಮಾಲೀಕರು ಲೋಟ ನೋಡಿದರು, ಇವರನ್ನು ನೋಡಿದರು. ಗೊತ್ತಿಲ್ಲ ಅನ್ನುವುದು ನಿವೃತ್ತ ಅಧಿಕಾರಿಗಳಿಗೆ ಆಗಿಬರುವುದಿಲ್ಲ. "ಹೌದ್ಹೌದು. ನಮ್ಮಾಫೀಸಲ್ಲೂ ಒಂದ್ಸಲ ಆಗಿತ್ತು" ಎಂದರು. "ಜನ ಗಾಬರಿ ಬೀಳ್ತಾರೆ, ಕೆಳಗೆ ಬೋರ್ಡಲ್ಲಿ ಬರೆದ್ಬಿಡಿ."

ಮೆಟ್ಟಿಲ ಕೆಳಗೆ ಒಂದು ಕರಿಹಲಗೆ ಇದೆ. 'ನಾಳೆ ನೀರು ಬರುವುದಿಲ್ಲ' ಎಂದು ಬರೆಯುವುದಕ್ಕೆ ಇಟ್ಟದ್ದು. ನಾನು ಕಾರ್ಖಾನೆಯ ಪಾಳಿಗೆ ಹೊರಡುವ ಅವಸರದಲ್ಲಿದ್ದೆ, ಇವರು ಬರೆಯುವುದನ್ನು ನೋಡಲಿಲ್ಲ. ಇವರಿಗೆ ಪದದ ಮೇಲೆ ಎಷ್ಟು ಮೋಹವೋ ಕಾಗುಣಿತದ ಮೇಲೆ ಅಷ್ಟೇ ಉದಾಸೀನ. ಹ್ರಸ್ವ ದೀರ್ಘ ಎರಡೂ ಅವರಿಗೆ ಒಂದೇ ಬೆಲೆ. ಬರೆದದ್ದು ಹೀಗಿತ್ತು:

"ಆಜೀವ ಜನನ. ಇದು ಸಹಜ ಪ್ರಕ್ರಿಯೆ. ತಾನಾಗಿಯೇ ಆದದ್ದು. ಯಾರೂ ಗಾಬರಿಯಾಗಬಾರದು. ಪೂರ್ತಿ ಹೊಣೆ ನನ್ನದು. ಮೂರನೇ ಮಹಡಿ, ಎಡಗಡೆ ಮನೆ."

ನೀರು, ಟ್ಯಾಂಕು, ಹುಳ, ಈ ಮೂರರಲ್ಲಿ ಒಂದನ್ನಾದರೂ ಬರೆಯಬೇಕೆಂದು ತೋಚಲಿಲ್ಲವೇ ಎಂದು ಆಮೇಲೆ ಕೇಳಿದೆ. ಅಂಥ ಸಣ್ಣ ಮಾತು ಆ ಪದದ ಪಕ್ಕ ಶೋಭಿಸುವುದಿಲ್ಲ ಎಂದರು.

ಸಂಜೆ ನಾನು ಕಾರ್ಖಾನೆಯಿಂದ ಬಂದು ಗೇಟು ತೆಗೆಯುವಷ್ಟರಲ್ಲಿ ನೆಲಮಹಡಿಯ ಅಕ್ಕ ಓಡಿಬಂದು ನನ್ನ ಕೈಚೀಲ ಕಿತ್ತುಕೊಂಡರು. ಅವರು ಈ ಮೊದಲು ನನ್ನಿಂದ ಕಿತ್ತುಕೊಂಡದ್ದು ಬಕೆಟ್ಟು ಮಾತ್ರ.

"ಭಾರ ಎತ್ತಬೇಡ್ವೇ. ನಂಗೆ ಒಂದ್ಮಾತು ಹೇಳ್ಬಾರ್ದಿತ್ತಾ? ಬೋರ್ಡ್ ನೋಡಿ ತಿಳ್ಕೋಬೇಕಾ?" ಎಂದು ನನ್ನ ಸೊಂಟವನ್ನು ಅಳೆಯುವಂತೆ ನೋಡಿದರು.

"ಯಾವ ಬೋರ್ಡಕ್ಕಾ? ನೀರಿಲ್ವಾ ನಾಳೆ?"

"ನಾಚ್ಕೋಬೇಡ. ಆದ್ರೆ ಒಂದ್ಮಾತು, ತಪ್ಪು ತಿಳೀಬೇಡ. ಈ ವಯಸ್ಸಲ್ಲಿ ಒಂದು ಅಂದ್ರೆ ಸರಿ, ದೇವರು ಕೊಟ್ಟ ಅನ್ಬಹುದು. ಆಜೀವ ಅಂತ ಬರೆದಿದಾರಲ್ಲೇ ನಿನ್ ಗಂಡ. ಆಜೀವ ಅಂದ್ರೆ ಜೀವ ಇರೋ ತನಕ. ನಮ್ಮೆಜಮಾನ್ರು ಲೈಬ್ರರಿಗೆ ಆಜೀವ ಸದಸ್ಯರು, ಅದ್ಕೇ ನಂಗೊತ್ತು. ಒಂದಿನ ತಪ್ಪಿಸಲ್ಲ, ದಿನಾ ಹೋಗ್ತಾರೆ. ನಿನ್ನ ಮೈ ಏನಾಗ್ಬೇಕೇ?"

ನಾನು ಹಲಗೆ ನೋಡಿದೆ. ಆ ದೀರ್ಘಾಕ್ಷರ ಹಲಗೆಯ ಅರ್ಧ ಅಗಲಕ್ಕೆ ಬಾಲ ಚಾಚಿಕೊಂಡು ನಿಂತಿತ್ತು. ಸೆರಗಿನಿಂದ ಒರೆಸಿದೆ. ಆದರೆ ಸೀಮೆಸುಣ್ಣ ಅಳಿಸಿದರೆ ಸುದ್ದಿ ಅಳಿಸುವುದಿಲ್ಲ. ಅಕ್ಕನ ತಂಗಿ ನಮ್ಮ ಕಾರ್ಖಾನೆಯಲ್ಲೇ ಹಾಜರಿ ಬರೆಯುವ ಗುಮಾಸ್ತೆ. ಅಕ್ಕನ ಫೋನಿಗೆ ಆ ಮಧ್ಯಾಹ್ನ ಬಿಡುವೇ ಇರಲಿಲ್ಲವಂತೆ.

ಮೇಲೆ ಹೋದರೆ ಇವರು ಹೊಸ ಮದುವಣಿಗನ ಹಾಗೆ ಬೀಗುತ್ತ ಕೂತಿದ್ದರು. "ಪದ ಜನಕ್ಕೆ ಹಿಡಿಸ್ತು ಕಣೇ. ನೆಲಮಹಡಿಯ ಆಜೀವ ಸದಸ್ಯರು ಕೈ ಕುಲುಕಿದ್ರು" ಎಂದರು. ಮೆಟ್ಟಿಲಲ್ಲಿ ನಡೆದ ಆ ಮಾತುಕತೆಯನ್ನು ಮಗಳು ನನಗೆ ಒಪ್ಪಿಸಿದಳು. ನಗು ತಡೆಯಲು ಅವಳು ದಿಂಬು ಕಚ್ಚಿಕೊಂಡಿದ್ದಳು.

ಸದಸ್ಯರು: "ಅಭಿನಂದನೆ. ಈ ವಯಸ್ಸಲ್ಲೂ."

ಇವರು: "ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಸಾರ್. ಸ್ವಲ್ಪ ಬಿಸಿ, ಸ್ವಲ್ಪ ಕತ್ತಲೆ ಇದ್ರೆ ಸಾಕು, ತಾನಾಗೇ ಆಗುತ್ತೆ."

"ಅದು ಸರಿ ಅನ್ನಿ. ಮನೆಯವರು ಏನಂದ್ರು?"

"ಅವಳನ್ನ ಕೇಳೋದೇನಿದೆ? ಬೆಳಗ್ಗೆ ನೋಡಿದ್ಲು, ಬಟ್ಟೆ ಹರವಿ ಕೆಲಸಕ್ಕೆ ಹೋದ್ಲು."

"ಪಾಪ. ಮತ್ತೆ, ಒಂದೇನಾ?"

"ಒಂದಾ? ಬಗ್ಗಿ ನೋಡಿದೀನಿ, ಗಿಜಿಗಿಜಿ ಅಂತಿದೆ."

ಆಜೀವ ಸದಸ್ಯರು ಆ ಸಂಜೆ ಲೈಬ್ರರಿಗೆ ಹೋಗಲಿಲ್ಲವಂತೆ. ಆಯುಷ್ಯದಲ್ಲಿ ಮೊದಲ ಸಲ.

ಮಾರನೆಯ ಬೆಳಗ್ಗೆ ಅತ್ತೆ ಚೀಲ ಸಮೇತ ಬಂದಿಳಿದರು. ಅಕ್ಕನ ಫೋನು ಅಲ್ಲಿಗೂ ಹೋಗಿತ್ತು. ಬಂದವರೇ ಬಾಗಿಲಿಗೆ ಒರಗಿ ನಿಂತ ಮಗನ ಕೆನ್ನೆ ಸವರಿ, "ಎಷ್ಟು ಇಳಿದುಹೋಗಿದೀಯೋ" ಎಂದು ಕಣ್ಣು ತುಂಬಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಏಳಬೇಡ, ಏಳಬೇಡ. ಕೂತಲ್ಲೇ ಆ ತರಕಾರಿ ಹೆಚ್ಚಿಬಿಡು" ಎಂದರು.

"ಅತ್ತೆ, ಹಾಗೇನೂ ಇಲ್ಲ. ಯಾರೋ ತಪ್ಪು ಹೇಳಿದಾರೆ."

"ತಪ್ಪು ಹೇಗಾಗುತ್ತೆ, ಬೋರ್ಡಲ್ಲಿ ಬರೆದಿತ್ತಂತಲ್ಲ."

ಆಗ ಇವರಿಗೆ ಮೆಲ್ಲಗೆ ಬೆಳಕು ಹರಿಯಿತು. "ಅಮ್ಮಾ, ಅದು ಇವಳಲ್ಲ, ಅದು ಹುಳ" ಎಂದರು.

"ಹುಟ್ಟೋಕೆ ಮುಂಚೆನೇ ನನ್ನ ಮೊಮ್ಮಗೂನ ಹುಳ ಅಂತೀಯಾ?" ಅತ್ತೆ ಗೋಡೆ ಹಿಡಿದುಕೊಂಡು ಕೂತರು. ಮಗು ಇಲ್ಲವೇ ಇಲ್ಲವೆಂದು ಅವರಿಗೆ ತಿಳಿಸುವಷ್ಟರಲ್ಲಿ ಚಹಾ ಆರಿಹೋಗಿತ್ತು. ತಿಳಿದ ಮೇಲೆ ಸಮಾಧಾನವಾಯಿತೇ? ಇಲ್ಲ. "ಹಾಗಾದ್ರೆ ನನ್ನನ್ನ ಯಾತಕ್ಕೆ ಬರಮಾಡ್ಕೊಂಡ್ರಿ?" ಎಂದು ನನ್ನ ಮೇಲೇ ಮುನಿಸಿಕೊಂಡರು. ನಾನು ಅವರನ್ನು ಕರೆದಿರಲಿಲ್ಲ, ಬಸುರಿಯಾಗಿರಲಿಲ್ಲ, ಬೋರ್ಡು ಬರೆದಿರಲಿಲ್ಲ. ಆದರೂ ಮೂರು ತಪ್ಪೂ ನನ್ನ ತಲೆಗೇ.

"ನೀನೇನೂ ಯೋಚನೆ ಮಾಡ್ಬೇಡ, ನಾನು ಸರಿಮಾಡ್ತೀನಿ" ಎಂದು ಇವರು ಸೀಮೆಸುಣ್ಣ ಹಿಡಿದು ಕೆಳಗಿಳಿದರು. ಈ ಮಾತು ಕೇಳಿದಾಗೆಲ್ಲ ನಾನು ಬೆನ್ನಟ್ಟಿ ಹೋಗಿ ತಡೆಯುವುದು ರೂಢಿ. ಅವತ್ತು ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕಲಿಲ್ಲ, ಉಳಿದದ್ದೆಲ್ಲ ಉಕ್ಕಿತು. ಸ್ಪಷ್ಟೀಕರಣ ಹೀಗಿತ್ತು:

"ನಿನ್ನೆ ತಿಳಿಸಿದ ಜನನಕ್ಕೂ ನನ್ನ ಹೆಂಡತಿಗೂ ಯಾವುದೇ ಸಂಬಂಧವಿಲ್ಲ. ಮೂರನೇ ಮಹಡಿ, ಎಡಗಡೆ ಮನೆ."

ನಾನು ಪಾಳಿಗೆ ಇಳಿಯುವಾಗ ಅಕ್ಕ ಮೆಟ್ಟಿಲಲ್ಲೇ ನನ್ನನ್ನು ತಬ್ಬಿಕೊಂಡರು. "ಯಾರೇ ಅವಳು?" ಎಂದು ಕಿವಿಯಲ್ಲಿ ಕೇಳಿದರು.

ಇಷ್ಟೆಲ್ಲ ನುಂಗಿಕೊಳ್ಳಬಹುದಿತ್ತು. ಮೆಟ್ಟಿಲ ಮಾತು ಮೆಟ್ಟಿಲಲ್ಲೇ ಸವೆಯುತ್ತದೆ. ಆದರೆ ಆ ವಾರ ನನಗೆ ಬೇರೆ ವಾರದಂಥದಲ್ಲ. ನಾನು ಕೆಲಸ ಮಾಡುವುದು ಔಷಧದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಬೆಲ್ಟಿನ ಮೇಲೆ ಗುಳಿಗೆಯ ಪಟ್ಟಿಗಳು ಸಾಲಾಗಿ ಬರುತ್ತವೆ. ಗುಳಿಗೆ ಇಲ್ಲದ ಖಾಲಿ ಗೂಡಿರುವ ಪಟ್ಟಿಯನ್ನು ಆರಿಸಿ ತೆಗೆದು, ಉಳಿದದ್ದನ್ನು ಪೆಟ್ಟಿಗೆಗೆ ತುಂಬಬೇಕು. ದಿನವಿಡೀ ನಿಂತೇ. ನಮ್ಮ ಹಳೆಯ ಸೂಪರ್‌ವೈಸರು ನಿವೃತ್ತರಾಗಿದ್ದರು. ಸೂಪರ್‌ವೈಸರು ತೊಡುವ ನೀಲಿ ಕೋಟು ಸೋಮವಾರದಿಂದ ನನ್ನದೆಂದು ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದರು. ಆ ಬೆಲ್ಟಿನ ಮುಂದೆ ನನ್ನಷ್ಟು ಕಾಲ ನಿಂತವರು ಇನ್ನು ಗೋಡೆ ಮಾತ್ರ.

ಅವತ್ತು ಮ್ಯಾನೇಜರು ನನ್ನನ್ನು ಗಾಜಿನ ಕೋಣೆಗೆ ಕರೆಸಿದರು. "ಕೂತ್ಕೊಳ್ಳಿ" ಎಂದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಆಗಲೇ ಗೊತ್ತಾಯಿತು, ಏನೋ ಕಿತ್ತುಕೊಳ್ಳುತ್ತಾರೆ.

"ಸೂಪರ್‌ವೈಸರ್ ಕೆಲಸ ಅಂದ್ರೆ ಓಡಾಟ ಜಾಸ್ತಿ. ಈ ಸ್ಥಿತೀಲಿ ನಿಮಗ್ಯಾಕೆ?"

"ಯಾವ ಸ್ಥಿತಿ ಸಾರ್?"

ಅವರು ಸಭ್ಯರು, ಬಾಯಿಬಿಟ್ಟು ಹೇಳಲಿಲ್ಲ. ಮೇಜಿನ ಮೇಲಿದ್ದ ಗುಂಡನೆಯ ಪೇಪರ್‌ವೆಯ್ಟನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಒಂದು ಅಂದ್ರೆ ಹೇಗೋ ನೋಡಬಹುದಿತ್ತು. ಆಜೀವ ಅಂತ ನಿಮ್ಮೆಜಮಾನ್ರು ಬರೆದೇ ಕೊಟ್ಟಿದಾರಂತೆ. ಲೇಬಲ್ ಮೆಷಿನ್ನಿನ ಹುಡುಗನಿಗೆ ಕೊಡೋಣ ಅಂತಿದೀನಿ."

ಲೇಬಲ್ ಮೆಷಿನ್ನಿನವನು ಹೋದ ತಿಂಗಳು ಕೆಮ್ಮಿನ ಔಷಧಕ್ಕೆ ಹೊಟ್ಟೆನೋವಿನ ಲೇಬಲ್ ಅಂಟಿಸಿ, ಸಿಕ್ಕಿಬಿದ್ದು, ನಗುತ್ತ ನಿಂತಿದ್ದವನು. ಇಷ್ಟು ವರ್ಷ ನಿಂತ ನನ್ನ ಕಾಲಿನ ಮೇಲೆ ಈ ಮ್ಯಾನೇಜರಿಗೆ ಅವತ್ತೇ ಕನಿಕರ ಹುಟ್ಟಬೇಕೇ? ಅದಂತೂ ಖಂಡಿತ ಅಜೀವಜನನ. ಅದಕ್ಕೂ ಮೊದಲು ಅಲ್ಲಿ ಏನೂ ಇರಲಿಲ್ಲ.

"ಸಾರ್, ನಾನು ಗರ್ಭಿಣಿ ಅಲ್ಲ" ಎಂದೆ. ಗಾಜಿನಾಚೆ ಹಾಜರಿಯ ಗುಮಾಸ್ತೆ ಪೆನ್ನು ನಿಲ್ಲಿಸಿದಳು.

"ನೀವು ಹಾಗಂತೀರಿ. ನಾಳೆ ನಿಮ್ಮೆಜಮಾನ್ರನ್ನ ಕರ್ಕೊಂಡು ಬನ್ನಿ. ಅವರ ಬಾಯಲ್ಲಿ ಕೇಳಿದ್ರೆ ಸರಿಹೋಗುತ್ತೆ."

ಹೊಟ್ಟೆ ನನ್ನದು. ಸಾಕ್ಷಿ ಹೇಳಬೇಕಾದವರು ನಮ್ಮವರು. ಮನೆಗೆ ಹೋಗುವ ತನಕ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಮುಖ ಹಾಗಿತ್ತೋ ಏನೋ.

"ರೀ" ಎಂದೆ ಮನೆಯಲ್ಲಿ. "ನಾಳೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿ. ಆ ಕೋಟು ಕೈತಪ್ಪಿದ್ರೆ ನಿಮ್ಮ ಪದದ ಜೊತೆ ನೀವು ಸಂಸಾರ ಮಾಡ್ಕೊಳ್ಳಿ."

ಅತ್ತೆಯೂ ಮೊದಲ ಸಲ ನನ್ನ ಕಡೆ ಸೇರಿದರು. "ಲೋ, ಅವಳ ಕೆಲಸಕ್ಕೆ ಕಲ್ಲು ಹಾಕ್ಬೇಡ. ನೀನು ಬಲ್ಬು ಮಾರಿ ಈ ಮನೆಗೆ ಎಷ್ಟು ಬೆಳಕು ತಂದಿದೀಯ ನಂಗೊತ್ತು." ಮಗಳು ಪುಸ್ತಕ ತಂದು, ಮುಂದಿನ ಪುಟ ತೆರೆದು, ಅಪ್ಪನ ಮುಂದಿಟ್ಟಳು. ಇವರು ಅದನ್ನು ಓದಿದರು. ಓದಿ, ತಾರಸಿಗೆ ಹೋದರು. ಬಹಳ ಹೊತ್ತು ಕೆಳಗೆ ಬರಲಿಲ್ಲ. ನೀರು ಸುರಿಯುವ, ಬ್ರಷ್ಷು ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

ಮಾರನೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನೊಂದಿಗೆ ಕಾರ್ಖಾನೆಗೆ ಬಂದರು. ಗಾಜಿನ ಕೋಣೆಯಲ್ಲಿ ಮ್ಯಾನೇಜರು ಅವರಿಗೆ ಕುರ್ಚಿ ತೋರಿಸಿದರು. ನನಗೆ ಈ ಸಲ ತೋರಿಸಲಿಲ್ಲ.

"ಹೇಳಿ, ಏನು ವಿಷಯ?"

"ಸಾರ್, ಭೂಮಿ ಹುಟ್ಟಿದ ಹೊಸದರಲ್ಲಿ..." ಎಂದು ಇವರು ಶುರುಮಾಡಿದರು.

ಮ್ಯಾನೇಜರು ಗಡಿಯಾರ ನೋಡಿದರು. ನಾನು ಇವರ ಬೆನ್ನಿಗೆ ಬೆರಳಿನಿಂದ ತಿವಿದೆ. ನೂರಾರು ಕೋಟಿ ವರ್ಷಗಳನ್ನು ಇವರು ಒಂದೇ ಉಸಿರಿಗೆ ದಾಟಿಬಿಟ್ಟರು. "ಇವಳು ಗರ್ಭಿಣಿ ಅಲ್ಲ ಸಾರ್. ನಾನು ಬರೆದದ್ದು ಟ್ಯಾಂಕಿನ ಹುಳದ ವಿಷಯ. ಅಜೀವಜನನ ಅಂತ ಬರೆಯೋಕೆ ಹೋಗಿ ಆಜೀವ ಆಯ್ತು."

ಸಮಾಧಾನವಾಗಬೇಕಾದ ಮ್ಯಾನೇಜರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ಹುಳಾನಾ? ನಿಮ್ಮನೆ ನೀರಲ್ಲಾ? ಇದು ಗುಳಿಗೆ ಪ್ಯಾಕ್ ಮಾಡೋ ಜಾಗ ಕಣ್ರೀ. ಆ ನೀರಲ್ಲೇ ಸ್ನಾನ ಮಾಡಿ ಇವರು ಇಲ್ಲಿಗೆ ಬರ್ತಾರಾ? ತಾನಾಗೇ ಹುಟ್ಟೋ ಹುಳ ಅಂದ್ರೆ ನಾಳೆ ಮತ್ತೆ ಹುಟ್ಟಲ್ಲ ಅಂತ ಏನು ಗ್ಯಾರಂಟಿ?"

ಬಸುರಿನಿಂದ ಬಿಡಿಸಿಕೊಂಡು ಹುಳಕ್ಕೆ ಸಿಕ್ಕಿಬಿದ್ದೆ. ಇನ್ನೊಂದು ಗಳಿಗೆ ಇವರು ಮಾತಾಡಿದ್ದರೆ ಸೂಪರ್‌ವೈಸರ್ ಕೋಟು ಹಾಗಿರಲಿ, ಇದ್ದ ಏಪ್ರನ್ನೂ ಬಿಚ್ಚಿಕೊಡಬೇಕಾಗುತ್ತಿತ್ತು.

ಇವರು ನನ್ನ ಮುಖ ನೋಡಿದರು. ಆ ಪದ ಅವರ ಗಂಟಲಲ್ಲಿ ಕೂತಿದ್ದು ನನಗೆ ಕಾಣುತ್ತಿತ್ತು. ಅದನ್ನು ನುಂಗಿದರು.

"ತಾನಾಗೇ ಹುಟ್ಟಿಲ್ಲ ಸಾರ್" ಎಂದರು. "ಟ್ಯಾಂಕಿನ ಮುಚ್ಚಳ ತೆಗೆದೋನು ನಾನು, ಮುಚ್ಚೋಕೆ ಮರೆತೆ. ಸೊಳ್ಳೆ ಬಂದು ಮೊಟ್ಟೆ ಇಟ್ಟಿತ್ತು. ಹುಳಕ್ಕೂ ಅಮ್ಮ ಇರ್ತಾಳೆ ಸಾರ್. ನಿನ್ನೆ ರಾತ್ರಿ ಪೂರ್ತಿ ಖಾಲಿ ಮಾಡಿ, ಉಜ್ಜಿ, ಮುಚ್ಚಿದೀನಿ. ತಪ್ಪು ನಂದು. ಇವಳದಲ್ಲ."

ನಮ್ಮ ಮದುವೆಯಾದಾಗಿನಿಂದ ಅವರು ನಾಲ್ಕು ಜನರ ಮುಂದೆ ಇಷ್ಟು ಸಣ್ಣ ಪದಗಳನ್ನು ಆಡಿದ್ದನ್ನು ನಾನು ಕೇಳಿರಲಿಲ್ಲ.

ಮ್ಯಾನೇಜರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಹಾಗೆ ಹೇಳಿ ಮತ್ತೆ" ಎಂದರು. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

"ಸರಿ, ಈಗ ಇಲ್ಲ ಅಂತಾಯ್ತು" ಎಂದರು ನನ್ನ ಗಂಡನಿಗೇ. "ಮುಂದೆ? ಇವರಿಗೆ ಕೋಟು ಕೊಟ್ಟು, ಆಮೇಲೆ ಹೆಚ್ಚು ಕಡಿಮೆ ಆದ್ರೆ? ಹೆಂಗಸರಿಗೆ ಕೊಟ್ರೆ ಇದೊಂದು ತಾಪತ್ರಯ. ಕಂಪನಿ ದೃಷ್ಟಿಯಿಂದಲೂ ನೋಡ್ಬೇಕಲ್ವಾ?"

ಎರಡು ದಿನದಿಂದ ಅಕ್ಕ ನನ್ನ ಸೊಂಟ ಅಳೆದಿದ್ದರು, ಅತ್ತೆ ಮುನಿದಿದ್ದರು, ಇವರು ಹಲಗೆಯ ಮೇಲೆ ನನ್ನನ್ನು ಬಸುರಿ ಮಾಡಿ ಮಾರನೆಯ ದಿನ ಸಂಬಂಧವಿಲ್ಲ ಎಂದಿದ್ದರು. ಎಲ್ಲರೂ ನನ್ನ ಹೊಟ್ಟೆಯ ಬಗ್ಗೆ ಮಾತಾಡಿದ್ದರು. ಈಗ ಇನ್ನೂ ಇಲ್ಲದ, ಮುಂದೆಯೂ ಬರದ ಒಂದು ಮಗುವಿಗಾಗಿ ನನ್ನ ಕೋಟನ್ನು ಲೇಬಲ್ ಮೆಷಿನ್ನಿನವನಿಗೆ ಕೊಡುತ್ತಾರಂತೆ. ಮೇಜಿನ ಮೇಲೆ ಮ್ಯಾನೇಜರ ಮನೆಯವರ ಫೋಟೋ ಇತ್ತು. ಮೂವರು ಗುಂಡುಗುಂಡಗಿನ ಮಕ್ಕಳು.

"ಸಾರ್, ಇವರು ನಿಮ್ಮ ಮಕ್ಕಳಾ?" ಎಂದೆ.

"ಹೌದು. ಯಾಕೆ?"

"ದೊಡ್ಡವನು ಹುಟ್ಟಿದಾಗ ನೀವು ಕ್ಲರ್ಕು. ಎರಡನೆಯವಳು ಹುಟ್ಟಿದಾಗ ಸೂಪರ್‌ವೈಸರ್ ಆದ್ರಿ. ಮೂರನೆಯದು ಆದಾಗ ಮ್ಯಾನೇಜರ್ ಆಗಿ ನಮಗೆಲ್ಲ ಸಿಹಿ ಹಂಚಿದ್ರಿ. ಕಂಪನಿಗೆ ಒಂದ್ಸಲಾನೂ ತಾಪತ್ರಯ ಆಗ್ಲಿಲ್ಲ. ಇವರೇನು ಸಾರ್, ಅಜೀವಜನನದಿಂದ ಹುಟ್ಟಿದವರಾ?"

ಕೋಣೆಯ ಬಾಗಿಲು ತೆರೆದಿತ್ತು. ಆಚೆ ಬೆಲ್ಟಿನ ಮುಂದೆ ನಿಂತವರ ಕೈಗಳು ನಿಂತವು. ಖಾಲಿ ಗೂಡಿನ ಪಟ್ಟಿಗಳು ಯಾರೂ ಆರಿಸದೆ ಹಾಗೇ ಮುಂದೆ ಹೋದವು.

"ಅಂದ್ರೆ?" ಎಂದರು ಮ್ಯಾನೇಜರು.

ನಮ್ಮವರ ಕಣ್ಣು ಮಿಂಚಿತು. ಅರ್ಥ ಕೇಳಿದವರು ಸಿಕ್ಕಿದ್ದರು. ಬಾಯಿ ತೆರೆದರು. ನಾನು ಅವರ ಕಾಲನ್ನು ಬಲವಾಗಿ ತುಳಿದೆ. ಬಾಯಿ ಮುಚ್ಚಿತು.

"ಅವರಿಗೂ ಅಮ್ಮ ಇದಾರಾ ಅಂತ ಕೇಳ್ತಿದಾರೆ ಸಾರ್" ಎಂದಳು ಹಾಜರಿಯ ಗುಮಾಸ್ತೆ ಬಾಗಿಲಲ್ಲಿ ನಿಂತು. ಅಕ್ಕನ ತಂಗಿಯಾದದ್ದಕ್ಕೆ ಅವಳಿಂದ ನನಗಾದ ಉಪಕಾರ ಇದೊಂದೇ. ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕ ಮೇಲೆ ಇನ್ನೊಬ್ಬರು, ಬೆಲ್ಟಿನ ಉದ್ದಕ್ಕೂ ನಗು ಹರಿದುಹೋಯಿತು.

ಮ್ಯಾನೇಜರು ಫೋಟೋವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಎದ್ದು ಬೀರು ತೆರೆದರು. ನೀಲಿ ಕೋಟು ತೆಗೆದು ಮೇಜಿನ ಮೇಲಿಟ್ಟು, "ಬೆಲ್ಟ್ ಮುಂದೆ ಎಲ್ಲರ ಕೈ ನಿಂತಿರೋದು ಯಾಕೆ, ನೋಡಿ ಹೋಗಿ" ಎಂದರು. ಅದು ನನ್ನ ಮೊದಲ ಕೆಲಸವಾಯಿತು.

ಹೊಸ ಕೋಟು ಹೊಲಿಸಿ ಕೊಡಲು ಕಂಪನಿಗೆ ಇನ್ನೂ ಪುರುಸೊತ್ತಾಗಿಲ್ಲ. ಈಗಿರುವುದು ಹಳೆಯ ಸೂಪರ್‌ವೈಸರದ್ದು. ಅವರು ಊಟವನ್ನು ಪ್ರೀತಿಸುತ್ತಿದ್ದವರು, ಅವರ ಅಳತೆಗೆ ಮುಂಭಾಗದಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಾರೆ. ಸೋಮವಾರ ಬೆಳಗ್ಗೆ ಅದನ್ನು ತೊಟ್ಟು ಅಂಗಳ ದಾಟುವಾಗ ಗಾಳಿ ಒಳಹೊಕ್ಕು ಕೋಟು ಮುಂದಕ್ಕೆ ಉಬ್ಬಿಕೊಂಡಿತು. ಗೇಟಿನ ಕಾವಲುಗಾರ ಸ್ಟೂಲಿನಿಂದ ಎದ್ದುನಿಂತ.

"ನಿಧಾನ ಅಕ್ಕಾ, ನಿಧಾನ" ಎಂದ, ಬಹಳ ಮರ್ಯಾದೆಯಿಂದ.

ನಾನು ನಿಧಾನ ಮಾಡಲಿಲ್ಲ. ಬೆಲ್ಟು ಶುರುವಾಗಿತ್ತು.